ಅಡುಗೆಮನೆ ಕಿಟಕಿಯಾಚೆಯ ಬುರುಜು

ನಮ್ಮ ಮನೆಗೆ ಮೊದಲ ಸಲ ಬಂದವರು ಬಾಗಿಲ ಪಕ್ಕದ ಚಪ್ಪಲಿ ಸ್ಟ್ಯಾಂಡ್ ನೋಡಿ, “ಶಾಲೆಗೆ ಹೋಗೋ ಮಗು ಇದೆಯಾ ಮನೆಯಲ್ಲಿ?” ಎಂದು ಕೇಳುವುದುಂಟು. ಇಲ್ಲ. ಮಗಳು ಅನಘಾ ಕಾಲೇಜು ಮುಗಿಸುವ ಹಂತಕ್ಕೆ ಬಂದಿದ್ದಾಳೆ. ಅವಳ ಚಪ್ಪಲಿಗಳು ಸ್ಟ್ಯಾಂಡಿನಲ್ಲಿ ಇರುವುದೇ ಇಲ್ಲ, ಒಂದು ಸೋಫಾದ ಕೆಳಗಿದ್ದರೆ ಇನ್ನೊಂದು ಬಾಲ್ಕನಿಯಲ್ಲಿರುತ್ತದೆ. ನನ್ನ ಸವೆದ ಕೊಲ್ಹಾಪುರಿಗೂ ನನ್ನ ಗಂಡನ ಆಫೀಸಿನ ಬೂಟಿಗೂ ನಡುವೆ ಅಚ್ಚುಕಟ್ಟಾಗಿ ಕೂತಿರುವ ಆ ಪುಟ್ಟ ಬಿಳಿ ಕ್ಯಾನ್ವಾಸ್ ಬೂಟು ನಮ್ಮ ಅತ್ತೆ ನೀಲವ್ವನವರದು. ಅವರಿಗೆ ಎಪ್ಪತ್ತೈದು ದಾಟಿದೆ. ಇಳಕಲ್ ಸೀರೆ, ಹಣೆಯಲ್ಲಿ ವಿಭೂತಿ, ಕಾಲಲ್ಲಿ ಲೇಸು ಬಿಗಿದ ಬಿಳಿ ಬೂಟು. ಈ ವೇಷದಲ್ಲಿ ಅವರು ಮೊದಲ ಸಲ ಲಿಫ್ಟಿನಿಂದ ಇಳಿದಾಗ ನಮ್ಮ ಬಿಲ್ಡಿಂಗಿನ ವಾಚ್‌ಮನ್ ಎದ್ದು ನಿಂತು ಸಲ್ಯೂಟ್ ಹೊಡೆದಿದ್ದ.

ಬಿಳಿ ಬೂಟು ಎಂದರೆ ನನಗೆ ನೆನಪಾಗುವುದು ಧಾರವಾಡದ ನನ್ನ ಶಾಲೆಯ ಶನಿವಾರಗಳು. ಬೆಳಗಿನ ಶಾಲೆ, ಬಿಳಿ ಸಮವಸ್ತ್ರ, ಡ್ರಿಲ್. ಬೂಟಿಗೆ ಹಚ್ಚುವ ಬಿಳಿ ಪಾಲಿಶ್ ಮುಗಿದಿದ್ದರೆ ಚಾಕ್‌ಪೀಸ್ ತಿಕ್ಕುತ್ತಿದ್ದೆವು. ಧಾರವಾಡದ ಜಿಟಿಜಿಟಿ ಮಳೆಗೆ ಅದು ಕರಗಿ, ನಾನು ನಡೆದಲ್ಲೆಲ್ಲ ಬಿಳಿ ಹೆಜ್ಜೆ ಮೂಡುತ್ತಿತ್ತು. ತಡವಾಗಿ ಬಂದು ಹಿಂದಿನ ಬಾಗಿಲಿನಿಂದ ನುಸುಳಿದವರು ಯಾರೆಂದು ಡ್ರಿಲ್ ಮಾಸ್ತರರು ಕೇಳಬೇಕಾಗಿಯೇ ಇರಲಿಲ್ಲ. ಆಟೋಟಗಳಲ್ಲಿ ನನ್ನ ಸಾಧನೆ ಅಷ್ಟಕ್ಕಷ್ಟೆ. ಚಮಚದಲ್ಲಿ ಲಿಂಬೆಹಣ್ಣು ಇಟ್ಟುಕೊಂಡು ಓಡುವ ಸ್ಪರ್ಧೆಯಲ್ಲಿ ನನ್ನ ಲಿಂಬೆಹಣ್ಣು ನನಗಿಂತ ಮೊದಲೇ ಉರುಳಿ ಹೋಗಿ ಗೆರೆ ಮುಟ್ಟಿತ್ತು. ಇಂಥವಳಿಗೆ ದೇವರು ಗುಡ್ಡ ಹತ್ತಿಸುವ ಅತ್ತೆಯನ್ನು ಕೊಟ್ಟಿದ್ದಾನೆ.

ಈಗ ನಾವಿರುವುದು ಮುಂಬೈಯ ವಿಲೆ ಪಾರ್ಲೆಯಲ್ಲಿ. ಆದರೆ ಅತ್ತೆ ವಿಜಯಪುರದಿಂದ ಮದುವೆಯಾಗಿ ಬಂದು ಇಳಿದದ್ದು ಸಾಯನ್ನಿನ ಒಂದು ಚಾಳಿಗೆ, ಸಾಲು ಕೋಣೆಗಳ ಹಳೆಯ ಕಟ್ಟಡಕ್ಕೆ. ನಾನು ಸೊಸೆಯಾಗಿ ಬಂದದ್ದೂ ಅಲ್ಲಿಗೇ. ಮೂರನೆಯ ಮಹಡಿ, ಒಂದು ಕೋಣೆ, ಒಂದು ಅಡುಗೆಮನೆ. ಮಾವನವರು ಮಾಟುಂಗಾದ ಬಟ್ಟೆ ಅಂಗಡಿಯೊಂದರಲ್ಲಿ ಗುಮಾಸ್ತರು. ಹತ್ತಿರದಲ್ಲೇ ದೊಡ್ಡ ಆಸ್ಪತ್ರೆ ಇದ್ದುದರಿಂದ ಊರ ಕಡೆಯವರಿಗೆ ನಮ್ಮ ಕೋಣೆಯೆಂದರೆ ಅದರದೇ ಇನ್ನೊಂದು ವಾರ್ಡು. ಕಣ್ಣಿನವರು, ಕಿಡ್ನಿಯವರು, ಅವರ ಜೊತೆಗೆ ಬಂದವರು, ಜೊತೆಗೆ ಬಂದವರಿಗೆ ಊಟ ತಂದವರು. ಅವರೆಲ್ಲರಿಗೂ ರೊಟ್ಟಿ ಬಡಿಯುತ್ತ ಅತ್ತೆ ನಿಲ್ಲುತ್ತಿದ್ದ ಕಟ್ಟೆಯ ಎದುರಿಗೆ ಒಂದು ಕಿಟಕಿ. ಕಿಟಕಿಯ ಆಚೆ ಒಂದು ಗುಡ್ಡ.

ಮುಂಬೈಯಲ್ಲಿ ಕಿಟಕಿಯ ಆಚೆ ಸಾಮಾನ್ಯವಾಗಿ ಇನ್ನೊಬ್ಬರ ಕಿಟಕಿ ಇರುತ್ತದೆ. ಹಾಗಿರುವಾಗ ಒಂದು ಇಡೀ ಗುಡ್ಡ, ಅದರ ಮೈತುಂಬ ಮರ, ಮರಗಳ ತುದಿಯಲ್ಲಿ ಅರ್ಧ ಬಿದ್ದ ಕಲ್ಲಿನ ಕಾವಲು ಬುರುಜು! ಸಾಯನ್ನಿನಲ್ಲಿ ಎಲ್ಲರೂ ಅದನ್ನು ಕಿಲ್ಲಾ, ಅಂದರೆ ಕೋಟೆ, ಎನ್ನುತ್ತಾರೆ. ಅತ್ತೆಯ ದಿನಚರಿಯೆಲ್ಲ ಆ ಕಿಲ್ಲೆಯ ಲೆಕ್ಕದಲ್ಲೇ ನಡೆಯುತ್ತಿತ್ತು. ಬುರುಜಿನ ಕಲ್ಲಿಗೆ ಬಿಸಿಲು ಬಿತ್ತೆಂದರೆ ಮಾವನವರ ಡಬ್ಬಿ ಕಟ್ಟುವ ಹೊತ್ತು. ಬುರುಜು ಮೋಡದಲ್ಲಿ ಮುಚ್ಚಿತೆಂದರೆ ಒಣಹಾಕಿದ ಬಟ್ಟೆ ಒಳಗೆ. ಹೊಸ ಸೊಸೆ ನಾನು ಆ ಕಿಟಕಿಯಲ್ಲಿ ತುಸು ಹೆಚ್ಚು ಹೊತ್ತು ನಿಂತರೆ ಮಾತ್ರ ಅತ್ತೆ ಹಿಂದಿನಿಂದ ಬಂದು ಪಿಸುಗುಟ್ಟುತ್ತಿದ್ದರು.

“ಸುಮಿ, ಅಲ್ಲಿ ಜೋಡಿ ಬರ್ತಾವವಾ. ನೋಡಕೋತ ನಿಂದರಬ್ಯಾಡ.”

“ಅವು ಇಲ್ಲಿಗೆ ಕಾಣಂಗೇ ಇಲ್ಲಲ್ರಿ, ಅತ್ತಿ.”

“ನಮಗ ಕಾಣದಿದ್ರ ಏನಾತು? ನಾವು ಅವಕ್ಕ ಕಾಣತೀವಲ್ಲ!”

ಪ್ರೇಮಿಗಳು ಗುಡ್ಡ ಹತ್ತುವುದು ನಮ್ಮ ಅಡುಗೆಮನೆ ನೋಡಲಿಕ್ಕಲ್ಲ ಎಂದು ಹೇಳುವ ಧೈರ್ಯ ಆಗ ನನಗಿರಲಿಲ್ಲ.

ಇಷ್ಟು ಹತ್ತಿರದಲ್ಲಿದ್ದೂ ಅತ್ತೆ ಒಮ್ಮೆಯೂ ಆ ಗುಡ್ಡ ಹತ್ತಿದವರಲ್ಲ. “ಬರೂ ರವಿವಾರ ಹೋಗೂಣು” ಎಂದು ಮಾವನವರು ಹೇಳುತ್ತಿದ್ದರಂತೆ. ರವಿವಾರ ಬರುತ್ತಿತ್ತು. ಅದರ ಜೊತೆಗೇ ವಿಜಯಪುರದ ಬಸ್ಸಿನಲ್ಲಿ ಯಾರದೋ ಮೂತ್ರಕೋಶದ ಹರಳೂ ಬರುತ್ತಿತ್ತು. ಹಾಗೆ ಐವತ್ತು ವರ್ಷ ಕಳೆದವು. ಮಾವನವರು ಹೋದರು. ಆಮೇಲೆ ನಾವು ಕೋಣೆ ಮಾರಿ ಪಾರ್ಲೆಗೆ ಬಂದೆವು.

ಹೋದ ಚಳಿಗಾಲದಲ್ಲಿ ಒಂದು ಸಂಜೆ ನನ್ನ ಫೋನಿಗೆ ವಾರಿಜಕ್ಕನ ಮೆಸೇಜ್ ಬಂತು. ವಾರಿಜಕ್ಕ ಉಡುಪಿ ಕಡೆಯವರು, ಚಾಳಿನಲ್ಲಿ ನಮ್ಮ ಪಕ್ಕದ ಕೋಣೆಯವರು. ಅವರ ಗಂಡ ಗ್ರಾಂಟ್ ರೋಡಿನ ಒಂದು ಹೋಟೆಲಿನಲ್ಲಿ ಮ್ಯಾನೇಜರ್ ಆಗಿದ್ದವರು. ಚಾಳನ್ನು ಕೆಡವುತ್ತಾರೆ, ಯುಗಾದಿಯೊಳಗೆ ಎಲ್ಲರೂ ಖಾಲಿ ಮಾಡಬೇಕು ಎಂದಷ್ಟೇ ಬರೆದಿದ್ದರು. ನಾನು ಅದನ್ನು ಗಟ್ಟಿಯಾಗಿ ಓದಿದೆ. ಅತ್ತೆ ಮೆಂತ್ಯೆಸೊಪ್ಪು ಬಿಡಿಸುತ್ತಿದ್ದವರು ತಲೆ ಎತ್ತಲಿಲ್ಲ. ಕಟ್ಟು ಮುಗಿಯಿತು, ದಂಟು ಕಾಗದದಲ್ಲಿ ಸುತ್ತಿಟ್ಟರು, ಕೈ ತೊಳೆದರು. ಆಮೇಲೆ ಹೇಳಿದರು.

“ನಾ ಕಿಲ್ಲಾ ಹತ್ತಬೇಕು, ಸುಮಿ.”

“ಈಗ್ಯಾಕ್ರಿ, ಅತ್ತಿ? ಮೊಣಕಾಲು...”

“ಅಲ್ಲಿಂದ ನಮ್ಮ ಖಿಡಕಿ ಹೆಂಗ ಕಾಣತೈತಿ ನೋಡಬೇಕು. ಕೆಡವಿದ ಮ್ಯಾಲ ಏನ ನೋಡೂದು?”

ನಾನು ನಕ್ಕೆ. ಅವರು ನಗಲಿಲ್ಲ. ಐವತ್ತು ವರ್ಷ ಒಂದು ಜಾಗವನ್ನು ನೋಡಿದವರಿಗೆ, ಆ ಜಾಗದಿಂದ ತಾವಿದ್ದಲ್ಲಿಗೆ ಒಮ್ಮೆ ನೋಡಬೇಕು ಅನ್ನಿಸುವುದು ಸಹಜವೇ ಅಲ್ಲವೇ? ನನಗೆ ಮಾತ್ರ ಅದು ಹೊಳೆದಿರಲಿಲ್ಲ. ನನ್ನ ಗಂಡ ಪೇಪರಿನ ಹಿಂದಿನಿಂದ, “ಬರೂ ರವಿವಾರ ಹೋಗೂಣು ತಗೋ, ಅವ್ವಾ” ಎಂದರು. ಅತ್ತೆ ನನ್ನ ಕಡೆ ಒಂದು ನೋಟ ನೋಡಿದರು. ಮರುದಿನವೇ ನಾವಿಬ್ಬರೂ ಬೂಟಿನ ಅಂಗಡಿಯಲ್ಲಿದ್ದೆವು.

ಅಂಗಡಿಯವನು ಮಕ್ಕಳ ಅಳತೆಯ ಬೂಟು ತೋರಿಸುತ್ತ, “ಮಗು ಎಲ್ಲಿ? ಕಾಲಿಗೆ ಹಾಕಿ ನೋಡಬೇಕಲ್ಲ” ಎಂದು ಮರಾಠಿಯಲ್ಲಿ ಕೇಳಿದ. ಅತ್ತೆ ಚಪ್ಪಲಿ ಬಿಟ್ಟು ಕಾಲು ಮುಂದೆ ಚಾಚಿದರು. “ಮಲಾ ಡೋಂಗರ್ ಚಢಾಯಚಾ ಆಹೆ” ಎಂದರು. ತಾನು ಗುಡ್ಡ ಹತ್ತಬೇಕು ಎಂದು. ಅವನು ಮಂಡಿಯೂರಿ ಲೇಸು ಕಟ್ಟಿದ.

ನಮ್ಮ ತಂಡದಲ್ಲಿ ಅತ್ತೆ, ನಾನು, ಅನಘಾ. ಗಂಡನಿಗೆ ಅಂಧೇರಿಯ ಕಾರ್ಗೋ ಆಫೀಸಿನಲ್ಲಿ ಆ ಭಾನುವಾರವೇ ಡ್ಯೂಟಿ ಬಿತ್ತು. ಬಿತ್ತೋ, ಬೀಳಿಸಿಕೊಂಡರೋ, ಕೇಳಲಿಲ್ಲ. ಪಾರ್ಲೆಯಿಂದ ದಾದರ್, ದಾದರಿನಲ್ಲಿ ಸೇತುವೆ ಹತ್ತಿಳಿದು ಸೆಂಟ್ರಲ್ ಲೈನಿನ ಲೋಕಲ್. ಲೇಡೀಸ್ ಡಬ್ಬಿಯಲ್ಲಿ ಹೂ ಕಟ್ಟುತ್ತಿದ್ದ ಹೆಂಗಸೊಬ್ಬಳು ಬೂಟು ನೋಡಿ ಸರಿದು ಜಾಗ ಕೊಟ್ಟಳು. ಕೈಯಲ್ಲಿ ಮೂರು ಚೀಲ ಹಿಡಿದು ನಿಂತ ನನ್ನನ್ನು ಯಾರೂ ಕೇಳಲಿಲ್ಲ.

ಗುಡ್ಡದ ಬುಡದಲ್ಲಿ ಒಂದು ಉದ್ಯಾನವಿದೆ. ಬೆಳಗಿನ ವಾಕಿಂಗಿನವರು ಗುಂಪಾಗಿ ನಿಂತು ಕೈಯೆತ್ತಿ ಹಹಹಾ ಎಂದು ನಗುವ ವ್ಯಾಯಾಮ ಮಾಡುತ್ತಿದ್ದರು. “ಏನಾತಂತ ನಗಾಕತ್ಯಾರ?” ಎಂದು ಅತ್ತೆ ಕೇಳಿದರು. “ಏನೂ ಆಗಿಲ್ರಿ, ಆರೋಗ್ಯಕ್ಕಂತ” ಎಂದೆ. “ಪಾಪ” ಎಂದು ಮುಂದೆ ನಡೆದರು.

ಮೇಲಕ್ಕೆ ಹಳೆಯ ಕಲ್ಲಿನ ಮೆಟ್ಟಿಲು. ಕೆಲವು ಸವೆದಿವೆ, ಕೆಲವನ್ನು ಆಲದ ಬೇರು ಎತ್ತಿಹಾಕಿದೆ. ಒಳಗೆ ಹೊಕ್ಕಂತೆಲ್ಲ ರಸ್ತೆಯ ಹಾರ್ನು ಸಣ್ಣದಾಗಿ ಹಕ್ಕಿಯ ದನಿ ದೊಡ್ಡದಾಗುತ್ತ ಬಂತು. ಅತ್ತೆ ಸೊಂಟಕ್ಕೆ ಸೆರಗು ಸಿಕ್ಕಿಸಿ, ಒಂದೇ ಲಯದಲ್ಲಿ, ಅವಸರವಿಲ್ಲದೆ ಹತ್ತಿದರು. ಮೂರು ಮಹಡಿಗೆ ನೀರಿನ ಕೊಡ ಹೊತ್ತ ಕಾಲುಗಳು ಅವು. ನನ್ನ ಕಾಲುಗಳು ದಿನವೂ ‘ಮಾರ್ನಿಂಗ್ ವಾಕ್’ ಎಂದು ಹೊರಟು ಮೂಲೆಯ ವಡಾಪಾವ್ ಗಾಡಿಯವರೆಗೆ ಮಾತ್ರ ಹೋಗಿ ಬರುವವು. ಮೊದಲ ತಿರುವಿನಲ್ಲೇ ನಾನು ನೇರಳೆ ಮರವೊಂದನ್ನು ಅಪ್ಪಿ ನಿಂತೆ.

“ಮಮ್ಮಿ, ಆಯಿ ನೋಡು, ಎಷ್ಟು ಫಾಸ್ಟ್! ನೀನು ಯಾಕೆ ಥಕ್ ಆಗ್ತಿ?” ಎಂದಳು ಅನಘಾ. ಅವಳ ಕನ್ನಡ ಹೀಗೆಯೇ, ಬೇಕಾದ ಪದ ಸಿಗದಿದ್ದಲ್ಲಿ ಪಕ್ಕದ ಭಾಷೆಯಿಂದ ಕಡ ತರುತ್ತದೆ. ಅಜ್ಜಿಯನ್ನು ಮಾತ್ರ ಅವಳು ನಮ್ಮ ಕಡೆಯಂತೆ ‘ಆಯಿ’ ಎನ್ನುತ್ತಾಳೆ. ಮರಾಠಿಯಲ್ಲಿ ಆಯಿ ಎಂದರೆ ತಾಯಿ. ಇಳಿದು ಬರುತ್ತಿದ್ದ ವೃದ್ಧರೊಬ್ಬರು ಆ ಒಂದು ಪದವನ್ನಷ್ಟೇ ಕೇಳಿಸಿಕೊಂಡು, ಅತ್ತೆಯನ್ನು ನೋಡಿ, ಮರ ಅಪ್ಪಿದ್ದ ನನ್ನನ್ನು ನೋಡಿ, ಅಜ್ಜಿ ಯಾರೆಂದು ತೀರ್ಮಾನಿಸಿದವರಂತೆ ನನ್ನ ಕೈಗೆ ತಮ್ಮ ಊರುಗೋಲು ನೀಡಲು ಬಂದರು.

ಅನಘಾ ಫೋನಿನಲ್ಲಿ ಓದಿದ್ದನ್ನು ಹೇಳುತ್ತ ಹತ್ತಿದಳು. ಮುನ್ನೂರು ವರ್ಷಗಳಿಗೂ ಹಿಂದೆ ಇಂಗ್ಲಿಷರು ಕಟ್ಟಿದ ಬುರುಜಂತೆ. ಇಲ್ಲಿಗೆ ಅವರ ದ್ವೀಪ ಮುಗಿಯುತ್ತಿತ್ತು, ಒಳನುಗ್ಗಿದ ಕಡಲಿನ ಖಾರಿಯ ಆಚೆಗೆ ಪೋರ್ಚುಗೀಸರದು. ಆಚೆಯಿಂದ ಯಾರಾದರೂ ಬರುತ್ತಾರೇನೋ ಎಂದು ನೋಡುತ್ತ ಸಿಪಾಯಿಗಳು ನಿಂತಿರುತ್ತಿದ್ದರಂತೆ. ಸಾಯನ್ನಿಗೆ ಮರಾಠಿಯಲ್ಲಿ ಶೀವ್ ಎನ್ನುತ್ತಾರೆ, ಎಂದರೆ ಸೀಮೆ, ಗಡಿ.

“ಅಂದ್ರ ಹೊಲದಾಗ ಜ್ವಾಳ ಕಾಯಾಕ ಅಟ್ಟ ಹಾಕ್ತಾರಲ್ಲ, ಹಂಗ” ಎಂದರು ಅತ್ತೆ. “ಇವರು ಹಕ್ಕಿ ಹೊಡಿಯೂ ಬದಲಿ ಮಂದೀನ ಹೊಡದಾರ.”

ಮೇಲೆ ಮುಟ್ಟಿದಾಗ ಗಾಳಿ ಬೀಸಿ ಬಂತು. ಕಪ್ಪು ಕಲ್ಲಿನ ದಪ್ಪ ಗೋಡೆ, ಬಿದ್ದುಹೋದ ಮಾಡು, ಕಲ್ಲಿನ ಸಂದಿಯಲ್ಲೆಲ್ಲ ಅರಳಿಯ ಸಸಿ. ಗೋಡೆಯ ಮೇಲೆ ಒಂದಿಂಚೂ ಬಿಡದಂತೆ ಹೃದಯಗಳು, ಅವುಗಳ ಒಳಗೆ ಹೆಸರುಗಳು. ಒಂದೊಂದು ಮೂಲೆಗೆ ಒಂದೊಂದು ಜೋಡಿ ಕೂತಿತ್ತು. ಬೂಟಿನ ಸದ್ದಿಗೆ ಎಲ್ಲರೂ ಒಮ್ಮೆ ತಿರುಗಿ, ಅತ್ತೆಯನ್ನು ಕಂಡು, ನಡುವೆ ಒಂದೊಂದು ಗೇಣು ಜಾಗ ಬಿಟ್ಟುಕೊಂಡರು. ಅತ್ತೆ ಅವರನ್ನು ಗಮನಿಸುವ ಸ್ಥಿತಿಯಲ್ಲೇ ಇರಲಿಲ್ಲ. ನೇರವಾಗಿ ಸ್ಟೇಷನ್ ಕಡೆಯ ಗೋಡೆಯ ಹತ್ತಿರ ಹೋಗಿ ನಿಂತು, ಹುಬ್ಬಿನ ಮೇಲೆ ಕೈ ಇಟ್ಟರು.

ಹಿಂದುಗಡೆ ಖಾರಿ ಮಿನುಗುತ್ತಿತ್ತು, ಉಪ್ಪಿನ ಗದ್ದೆಗಳು ಕನ್ನಡಿ ಜೋಡಿಸಿಟ್ಟಂತಿದ್ದವು. ಮುಂದುಗಡೆ ಮರಗಳ ತಲೆಯಾಚೆ ಕಟ್ಟಡ, ಕಟ್ಟಡ, ಕಟ್ಟಡ. ನಾವು ಬಿಟ್ಟು ಹೋದ ಮೇಲೆ ಎದ್ದ ಗೋಪುರಗಳು ಗಾಜು ಹೊದ್ದು ನಿಂತಿದ್ದವು. ಅತ್ತೆ ತಮ್ಮ ಗುರುತುಗಳನ್ನು ಹುಡುಕಿದರು. ಚಾಳಿನ ಹಿಂದಿನ ತೆಂಗಿನ ಮರ, ಮೇಲಿನ ನೀರಿನ ಟಾಕಿ, ಮಳೆಗಾಲಕ್ಕೆಂದು ಹೊದಿಸಿ ಹಾಗೇ ಬಿಟ್ಟ ನೀಲಿ ತಾಡಪಾಲು. ಆದರೆ ತೆಂಗಿನ ಮರ ಕಂಡಲ್ಲಿ ಟಾಕಿ ಇಲ್ಲ. ನೀಲಿ ತಾಡಪಾಲನ್ನಂತೂ ಇಡೀ ಸಾಯನ್ನೇ ಹೊದ್ದುಕೊಂಡಿತ್ತು. ಈ ಕಡೆಯಿಂದ ನೋಡಿದರು, ಆ ಕಡೆಯಿಂದ ನೋಡಿದರು. ಕನ್ನಡಕ ಒರೆಸಿ ನೋಡಿದರು, ಕನ್ನಡಕ ತೆಗೆದು ನೋಡಿದರು. ಅನಘಾ ಫೋನಿನ ಕ್ಯಾಮೆರಾವನ್ನು ಹಿಗ್ಗಿಸಿ ಹಿಗ್ಗಿಸಿ ಯಾರ‍್ಯಾರದೋ ಒಣಹಾಕಿದ ಬಟ್ಟೆಗಳನ್ನು ತೋರಿಸಿದಳು.

“ಇದಲ್ಲ. ಇದೂ ಅಲ್ಲ. ಕಾಣವಲ್ದವಾ.”

ಕೊನೆಗೆ ಅತ್ತೆ ಒಂದು ಕಲ್ಲಿನ ಮೇಲೆ ಕೂತುಬಿಟ್ಟರು. ಹೊಸದಾಗಿ ಬಂದ ಮನೆಯಲ್ಲಿ ಎಲ್ಲಿ ಕೂರಬೇಕೋ ತಿಳಿಯದೆ ಕೂತ ಹುಡುಗಿಯ ಹಾಗೆ ಕೂತರು. “ನಡೀರಿ, ಹೋಗೂಣು. ಹತ್ತಿದ್ನಲ್ಲ, ಸಾಕು” ಎಂದರು. ಅವರ ಆ ಮೆತ್ತಗಿನ ದನಿಯನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ. ನಾನು ಹೇಳಬಾರದ ಹೆಸರು ಹೇಳಿದೆ.

“ವಾರಿಜಕ್ಕಗ ಫೋನ್ ಮಾಡೂಣೇನ್ರಿ? ಅವರ ಖಿಡಕಿ ನಮ್ಮ ಖಿಡಕಿ ಮಗ್ಗಲಾಗ ಐತಿ. ಏನರ ಗುರುತಿನ ಬಟ್ಟಿ ತೂಗಬಿಡ್ರಿ ಅನ್ನೂಣು.”

“ಆಕಿಗೆ? ಬ್ಯಾಡ.”

ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಅತ್ತೆ ಮತ್ತು ವಾರಿಜಕ್ಕ ಎಂದರೆ ಒಂದು ಕಾಲದಲ್ಲಿ ಒಂದೇ ಅಡುಗೆಮನೆಯ ಎರಡು ಒಲೆಗಳು. ಈ ಕಿಟಕಿಯಿಂದ ಶೇಂಗಾ ಚಟ್ನಿ ಹೋಗುತ್ತಿತ್ತು, ಆ ಕಿಟಕಿಯಿಂದ ಪತ್ರೊಡೆ ಬರುತ್ತಿತ್ತು. ಕೆಳಗೆ ಮೂರು ಮಹಡಿಯ ಆಳ, ಆದರೂ ಒಂದು ಬಟ್ಟಲೂ ಬಿದ್ದದ್ದಿಲ್ಲ. ನಾವು ಕೋಣೆ ಮಾರುತ್ತೇವೆ ಎಂದು ತಿಳಿದ ದಿನ ವಾರಿಜಕ್ಕ ಓಣಿಯಂಥ ಆ ಉದ್ದ ಗ್ಯಾಲರಿಯಲ್ಲಿ ನಿಂತು ಎಲ್ಲರ ಎದುರಿಗೆ, “ನೀವೆಲ್ಲ ಓಡಿಹೋಗುವವರು. ಹೋಗಿ ಮಾರಾಯ್ರೆ, ನಾವು ಇಲ್ಲೇ ಸಾಯ್ತೇವೆ” ಎಂದುಬಿಟ್ಟರು. ಅತ್ತೆಗೆ ಆ ಮಾತು ನಾಟಿತು. ಟೆಂಪೋ ಬಂದ ದಿನ ಅವರು ಆ ಬಾಗಿಲ ಕಡೆ ನೋಡಲಿಲ್ಲ, ಆ ಬಾಗಿಲೂ ತೆರೆಯಲಿಲ್ಲ. ಅದಾಗಿ ಆರು ವರ್ಷ. ದೀಪಾವಳಿಗೂ ಮಾತಿಲ್ಲ. ನನ್ನ ಫೋನಿಗೆ ಮೆಸೇಜು ಬರುತ್ತಿತ್ತು, ನಾನು ಗಟ್ಟಿಯಾಗಿ ಓದುತ್ತಿದ್ದೆ, ಅತ್ತೆ ಕೇಳಿಸದವರಂತೆ ಪೂರ್ತಿ ಕೇಳಿಸಿಕೊಳ್ಳುತ್ತಿದ್ದರು.

ಒಂದು ಲೋಕಲ್ ಕೆಳಗೆ ಸದ್ದು ಮಾಡುತ್ತ ಸ್ಟೇಷನ್ ಹೊಕ್ಕಿತು, ಇನ್ನೊಂದು ಹೊರಬಿತ್ತು. ಅತ್ತೆ ಕೆಳಗೆ ನೋಡುತ್ತಲೇ ಇದ್ದರು.

“ನಂಬರ್ ಐತೇನು ನಿನ್ನ ಹತ್ರ?” ಎಂದರು.

ನಾನು ಸ್ಪೀಕರ್ ಹಾಕಿ ಫೋನನ್ನು ಅವರ ಕೈಗೆ ಕೊಟ್ಟೆ. ಆಚೆಯಿಂದ ಕುಕ್ಕರಿನ ಸೀಟಿಯ ಜೊತೆಗೇ ವಾರಿಜಕ್ಕನ ದನಿ ಬಂತು.

“ಹಲೋ, ಸುಮಾ, ಎಂತ ಬೆಳಿಗ್ಗೆ ಬೆಳಿಗ್ಗೆ?”

“ನಾನು.”

ಕುಕ್ಕರ್ ಮತ್ತೊಂದು ಸೀಟಿ ಹಾಕಿತು.

“ನಾನು ಅಂದ್ರೆ ಯಾರು? ಹೆಸರಿಲ್ವಾ?”

“ನೀಲವ್ವ.”

“ಹಾಂ, ಹೇಳಿ.”

“ಕಿಲ್ಲಾದ ಮ್ಯಾಲ ಅದೀನಿ.”

“ಕಿಲ್ಲೆ ಮೇಲೆಯಾ? ದೇವರೇ! ಯಾರು ಎತ್ತಿಕೊಂಡು ಹೋದ್ರು ನಿಮ್ಮನ್ನು?”

“ಯಾರ ಎತ್ತತಾರ? ನಡಕೋತ ಬಂದೆ. ಖಿಡಕಿ ಕಾಣವಲ್ದು, ವಾರಿಜಾ. ನಿನ್ನ ಖಿಡಕ್ಯಾಗ ಏನರ ಕೆಂಪಂದು ತೂಗಬಿಡು. ದೊಡ್ಡದು ಬೇಕು.”

“ನಿಲ್ಲಿ, ನಿಲ್ಲಿ, ಫೋನ್ ಇಡ್ಬೇಡಿ” ಎಂದರು ವಾರಿಜಕ್ಕ. ಪೆಟ್ಟಿಗೆ ಎಳೆಯುವ ಸದ್ದು, ಪಾತ್ರೆ ಬೀಳುವ ಸದ್ದು, ತಮಗೆ ತಾವೇ ತುಳುವಿನಲ್ಲಿ ಬೈದುಕೊಳ್ಳುವ ಸದ್ದು ಒಂದಾದ ಮೇಲೊಂದು ಕೇಳಿಸಿತು. “ಹೋಟೆಲಿನ ಹಳೇ ಟೇಬಲ್ ಬಟ್ಟೆ ಉಂಟು. ಕೆಂಪು ಚೌಕುಳಿ. ಈಗ ಹಾಕ್ತೇನೆ... ಹಾಕಿದೆ. ಕಾಣ್ತದಾ?”

ನಾವು ಮೂವರೂ ಗೋಡೆಗೆ ಆತು ನಿಂತೆವು. ಕಾಣಲಿಲ್ಲ. “ಅಲ್ಲಾಡಿಸು” ಎಂದರು ಅತ್ತೆ. ಆಗ ಅನಘಾ ಚೀರಿದಳು. ಎರಡು ಗಾಜಿನ ಗೋಪುರಗಳ ಸಂದಿಯಲ್ಲಿ, ನಾವು ಯಾರೂ ಹುಡುಕದೆ ಇದ್ದ ಕಡೆ, ಕುಂಕುಮದ ಚುಕ್ಕೆಯಷ್ಟು ಕೆಂಪು ಅಲ್ಲಾಡುತ್ತಿತ್ತು.

“ಆಯಿ, ದಿಖ್ ಗಯಾ! ಅದು ನೋಡು! ಅದರ ರೈಟಿಗೆ ನಿಮ್ಮ ಖಿಡಕಿ ಅಲ್ವಾ?”

“ಬಲಕ್ಕಲ್ಲ, ಎಡಕ್ಕ. ಒಳಗ ನಿಂತರ ಬಲಕ್ಕಿತ್ತು. ಈಗ ನಾವು ಈ ಕಡಿ ಬಂದೀವಲ್ಲ.”

ಕೆಂಪಿನ ಎಡಕ್ಕೆ ಒಂದು ಕಪ್ಪು ಚೌಕ ಕಂಡಿತು. ಅಷ್ಟೇ. ಉಗುರಿನಿಂದ ಮುಚ್ಚಬಹುದಾದಷ್ಟು. ಅತ್ತೆ ಅದನ್ನು ನೋಡುತ್ತ ನಿಂತರು. ಅಳುತ್ತಾರೇನೋ ಎಂದು ನಾನು ಅವರ ಭುಜದ ಮೇಲೆ ಕೈ ಇಡಲು ಹೋದೆ. ಭುಜ ಅಲುಗುತ್ತಿತ್ತು, ಆದರೆ ಅವರು ನಗುತ್ತಿದ್ದರು. ಮೊದಲು ಸೆರಗಿನೊಳಗೆ, ಆಮೇಲೆ ಬಾಯಿ ಬಿಟ್ಟು, ಆಮೇಲೆ ಗೋಡೆ ಹಿಡಿದುಕೊಂಡು.

“ಏನ್ರಿ, ಅತ್ತಿ? ಏನಾತು?”

“ಇಷ್ಟಽ ಏನ? ಇಷ್ಟಽ ಕಾಣತಿತ್ತೇನ?” ಎಂದರು ಕಣ್ಣೊರೆಸಿಕೊಳ್ಳುತ್ತ. “ಇಲ್ಲಿಂದ ಮಂದಿ ನೋಡತಾರಂತ ನಾ ಆ ಖಿಡಕ್ಯಾಗ ನಿಂತಾಗೆಲ್ಲಾ ತಲಿ ಮ್ಯಾಲ ಸೆರಗ ಹೊತ್ತೆ, ಸುಮಿ. ಒಲಿ ಮುಂದ, ಬ್ಯಾಸಗ್ಯಾಗ, ಬೆವರ ಸುರಿಸಿಕೋತ. ಐವತ್ತು ವರ್ಷ! ಇಲ್ಲಿಂದ ಯಾರಿಗೆ ಏನ ಕಂಡೈತಿ, ಮಣ್ಣು!”

ಫೋನಿನಲ್ಲಿ ವಾರಿಜಕ್ಕನೂ ಬಿದ್ದು ಬಿದ್ದು ನಗುತ್ತಿದ್ದರು. “ಹೌದಾ ಮಾರಾಯ್ರೆ! ನಾನು ನಿಮ್ಮನ್ನು ನೋಡಿ, ಇದು ಎಂತದೋ ವ್ರತ ಇರ್ಬೇಕು ಅಂತ ಸುಮ್ಮನಿದ್ದೆ. ಒಂದೆರಡು ಸಲ ನಾನೂ ಹೊದ್ದುಕೊಂಡದ್ದುಂಟು!”

ನಾನು ಆ ಸೆರಗನ್ನು ದಿನವೂ ಕಂಡವಳು. ಅದು ದೊಡ್ಡವರ ಎದುರಿನ ಮರ್ಯಾದೆ ಎಂದು ನಂಬಿ, ಒಂದು ಬೇಸಿಗೆಯಲ್ಲಿ ನಾನೂ ಜೂನ್ ತನಕ ಅನುಸರಿಸಿ ಕೈಬಿಟ್ಟಿದ್ದೆ. ನಮ್ಮ ಮೂರು ಹೆಂಗಸರ ತಲೆಯನ್ನು ಒಂದು ಖಾಲಿ ಬುರುಜು ಮುಚ್ಚಿಸಿತ್ತು.

“ನನಗೆ ನೀವು ಕಾಣ್ತಾ ಇಲ್ಲ. ನೀವೂ ಎಂತಾದ್ರೂ ಬೀಸಿ” ಎಂದರು ವಾರಿಜಕ್ಕ.

ನನ್ನ ದುಪಟ್ಟಾ ಮಣ್ಣಿನ ಬಣ್ಣದ್ದು, ಕಲ್ಲಿನ ಎದುರಿಗೆ ಯಾರಿಗೂ ಕಾಣದು. ಅತ್ತೆ ಸುತ್ತ ನೋಡಿದರು. ಹತ್ತಿರದ ಮೂಲೆಯ ಜೋಡಿಯಲ್ಲಿ ಹುಡುಗಿ ಕಡುಕೆಂಪು ಸ್ಕಾರ್ಫನ್ನು ಕಣ್ಣು ಮಾತ್ರ ಕಾಣುವಂತೆ ಮುಖಕ್ಕೆ ಬಿಗಿಯಾಗಿ ಸುತ್ತಿಕೊಂಡಿದ್ದಳು. ಧೂಳಿಗೆಂದು ಹೇಳುತ್ತಾರೆ. ಗುರುತಿನವರ ಕಣ್ಣೂ ಧೂಳಿನ ಲೆಕ್ಕದಲ್ಲೇ ಬರುತ್ತದೆ. ಅತ್ತೆ ಅವಳ ಮುಂದೆ ಹೋಗಿ ಕೈ ಚಾಚಿ, ತಮ್ಮ ಮರಾಠಿಯಲ್ಲಿ, ಗೆಳತಿಗೆ ತೋರಿಸಬೇಕು, ಒಂದು ಗಳಿಗೆ ಕೊಡು ಎಂದು ಕೇಳಿದರು. ಹುಡುಗಿ ಹುಡುಗನನ್ನು ನೋಡಿದಳು. ಹುಡುಗ ಕೆಳಗಿನ ಮೆಟ್ಟಿಲನ್ನು ನೋಡಿದ. ಅವಳಿಗೆ ಏನನ್ನಿಸಿತೋ, ಸರಕ್ಕನೆ ಸ್ಕಾರ್ಫ್ ಬಿಚ್ಚಿ ಕೊಟ್ಟೇಬಿಟ್ಟಳು. ಹದಿಹರೆಯದ ದುಂಡು ಮುಖ, ಮೂಗಿನ ಮೇಲೆ ಬೆವರು.

“ನಾ ಏನ ನೋಡಿಲ್ಲವಾ, ನನಗ ಕಣ್ಣಽ ಕಾಣಂಗಿಲ್ಲ” ಎಂದು ಅತ್ತೆ ಕನ್ನಡದಲ್ಲೇ ಹೇಳಿದರು. ಅವಳು ಅರ್ಥವಾದವಳಂತೆ ನಕ್ಕಳು.

ಅತ್ತೆ ಎರಡೂ ಕೈಯೆತ್ತಿ ಸ್ಕಾರ್ಫ್ ಬೀಸಿದರು. ಗಾಳಿಗೆ ಸೆರಗು ಸೊಂಟದಿಂದ ಕಳಚಿ ತಲೆಯಿಂದ, ಭುಜದಿಂದ ಜಾರಿ ಹಾರುತ್ತಿತ್ತು, ಹಿಡಿಯುವ ಗೋಜಿಗೇ ಹೋಗಲಿಲ್ಲ. ಫೋನಿನಲ್ಲಿ ವಾರಿಜಕ್ಕ ಕೂಗಿದರು.

“ಕಂಡಿತು! ಅಯ್ಯೋ, ಕಂಡಿತು ನೀಲಕ್ಕ! ಸಣ್ಣ ಹುಳದ ಹಾಗೆ! ಅಲ್ಲೇ ಇರಿ, ನಾನೂ ಬರ್ತೇನೆ. ಇಷ್ಟು ವರ್ಷದಲ್ಲಿ ನಾನಾದ್ರೂ ಆ ಗುಡ್ಡ ಹತ್ತಿದ್ದೇನಾ? ಎಲ್ಲಿಗೂ ಹೋಗ್ಬೇಡಿ!”

ಫೋನ್ ಕಟ್ಟಾಯಿತು. ಅತ್ತೆ ಸ್ಕಾರ್ಫನ್ನು ಮಡಚಿ ಹುಡುಗಿಗೆ ಕೊಟ್ಟು, ತಲೆ ಸವರಿದರು. ಆಮೇಲೆ ಒಮ್ಮೆಲೇ ಗಾಬರಿಯಾದರು. ಕೂದಲು ಸರಿ ಮಾಡಿಕೊಂಡರು, ಕೂತರು, ಎದ್ದರು.

“ಬಂದ ಮ್ಯಾಲ ಏನ ಮಾತಾಡ್ಲಿ ಆಕಿ ಜೋಡಿ?”

“ಇಷ್ಟೊತ್ತು ಮಾತಾಡಿದ್ರಲ್ಲ.”

“ಅದು ಫೋನಿನಾಗ. ಮಾರಿ ನೋಡಿ ಮಾತಾಡೂದು ಬ್ಯಾರೆ.”

ವಾರಿಜಕ್ಕ ಬರುವ ಮೊದಲೇ ಅವರ ಏದುಸಿರು ಬಂತು. ಮೆಟ್ಟಿಲ ತುದಿಯಲ್ಲಿ ಮೊದಲು ಒಂದು ಸ್ಟೀಲಿನ ಡಬ್ಬಿ ಕಾಣಿಸಿತು, ಆಮೇಲೆ ಅದನ್ನು ಹಿಡಿದ ಕೈ, ಆಮೇಲೆ ನೈಟಿಯ ಮೇಲೆ ದುಪಟ್ಟಾ ಹೊದ್ದ ವಾರಿಜಕ್ಕ. ಹಿಂದಿಗಿಂತ ದಪ್ಪವಾಗಿದ್ದರು, ಕೂದಲು ಪೂರ್ತಿ ಬೆಳ್ಳಗಾಗಿತ್ತು. ಇಬ್ಬರೂ ಎದುರುಬದುರು ನಿಂತರು. ನಾನು ಮತ್ತು ಅನಘಾ ಖಾರಿಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆವು.

“ನೀವು ಓಡಿಹೋಗುವವರು ಅಂತ ಹೇಳಿದ್ದೆ ನಾನು” ಎಂದರು ವಾರಿಜಕ್ಕ, ಉಸಿರಿನ ನಡುವೆ. “ಈಗ ನೋಡಿ, ನಾನೇ ಓಡಿ ಬಂದೆ.”

“ಕುಂದರ ಮೊದಲ. ನೀರ ಕುಡಿ” ಎಂದರು ಅತ್ತೆ.

ಡಬ್ಬಿಯಲ್ಲಿ ಆಗಷ್ಟೇ ಕರಿದ ಗೋಳಿಬಜೆ ಇತ್ತು. ಇಬ್ಬರೂ ಕಲ್ಲಿನ ಮೇಲೆ ಒತ್ತಿ ಕೂತರು. ಖಾಲಿ ಮಾಡಿದ ಮೇಲೆ ಎಲ್ಲಿಗೆ ಎಂದು ಅತ್ತೆ ಕೇಳಿದರು. ಹೊಸ ಕಟ್ಟಡ ಏಳುವ ತನಕ ಅಂಧೇರಿಯಲ್ಲಿ ಬಾಡಿಗೆ ಮನೆ ಎಂದು ವಾರಿಜಕ್ಕ ಹೇಳಿದರು. ಅದರ ಗೊತ್ತು ಮಾಡಲಿಕ್ಕೆಂದೇ ಗಂಡ ಈ ಹೊತ್ತಿನಲ್ಲಿ ಅಲ್ಲಿಗೆ ಹೋಗಿದ್ದರು. “ಯಾರ ಪರಿಚಯವೂ ಇಲ್ಲ ಅಲ್ಲಿ. ಹೇಗೆ ದಿನ ಹೋಗ್ತದೋ.”

ಅತ್ತೆಯ ಕೈಯಲ್ಲಿದ್ದ ಬಜೆ ಬಾಯಿಯ ಹತ್ತಿರ ನಿಂತಿತು. “ಅಂಧೇರಿ ಏನಽ? ಪಾರ್ಲೆ ಮುಂದಿಂದಽ ಅಂಧೇರಿ! ಒಂದ ಸ್ಟೇಷನ್!”

“ಹೌದಾ?” ವಾರಿಜಕ್ಕ ವೆಸ್ಟರ್ನ್ ಲೈನಿನ ಲೋಕಲಿನಲ್ಲಿ ಕೂತದ್ದೇ ಅಪರೂಪ. “ಅಷ್ಟು ಹತ್ತಿರವಾ? ನಡೆದು ಬರ‍್ಬಹುದಾ?”

“ನಡದ ಯಾಕ, ರಿಕ್ಷಾದಾಗ ಬಾ. ಹುಳಿ ಆರೂದರೊಳಗ ಬರ್ತಿ.”

ಸ್ವಲ್ಪ ಹೊತ್ತಿನ ಮೇಲೆ ವಾರಿಜಕ್ಕ ಎದ್ದು ತಮ್ಮ ಕಿಟಕಿ ನೋಡಿದರು. ಕೆಂಪು ಬಟ್ಟೆ ಇನ್ನೂ ಹಾರುತ್ತಿತ್ತು. ಖುಷಿಯಿಂದ ಅರಳಿದ ಮುಖ ಹಾಗೇ ಬಿಳಿಚಿತು.

“ಅಯ್ಯೋ ದೇವರೇ, ಗ್ಯಾಸ್ ಆಫ್ ಮಾಡಿದ್ದೇನಾ ನಾನು?”

ನಾಲ್ವರೂ ಗೋಡೆಗೆ ಹಾರಿ ನಿಂತೆವು. ಸ್ಕಾರ್ಫಿನ ಹುಡುಗಿಯೂ ಅವಳ ಹುಡುಗನೂ ಬಂದು ಪಕ್ಕದಲ್ಲಿ ನಿಂತರು. ಎರಡು ಗೋಪುರಗಳ ನಡುವಿನ ಆ ಸಂದಿಯನ್ನು ಆರು ಜೋಡಿ ಕಣ್ಣು ಕಾಯತೊಡಗಿದವು. ಶತ್ರುವಿನ ಹಡಗು ಬರುತ್ತದೆಂದು ಇಲ್ಲಿ ನಿಂತ ಸಿಪಾಯಿಗಳೂ ಇಷ್ಟು ನಿಷ್ಠೆಯಿಂದ ಕಾದಿರಲಿಕ್ಕಿಲ್ಲ.

“ಹೊಗಿ ಏನೂ ಬರವಲ್ದು” ಎಂದರು ಅತ್ತೆ.

“ಬಜೆಯ ಬಾಣಲೆ ಇಳಿಸಿದೆ. ಕುಕ್ಕರ್ ಇಳಿಸಿದೆ. ಆಮೇಲೆ... ಆಮೇಲೆ ನೆನಪಿಲ್ಲ. ನಾನು ಹೋಗ್ತೇನೆ.”

“ಕುಂದರ ಸುಮ್ಮಕ. ಈಗಷ್ಟಽ ಉಸರ ಹತ್ತಿಕೋತ ಬಂದಿ. ನೀ ಬಜಿ ತಿನ್ನು. ಖಿಡಕಿ ನಾ ನೋಡತೀನಿ.”

ವಾರಿಜಕ್ಕ ಅರ್ಧ ಮನಸ್ಸಿನಿಂದ ಕೂತರು, ಪೂರ್ತಿ ಮನಸ್ಸಿನಿಂದ ತಿಂದರು. ಅತ್ತೆ ಗೋಡೆಗೆ ಮೊಣಕೈ ಊರಿ, ಕಣ್ಣು ಕೀಳದೆ ನಿಂತು, ನಡುನಡುವೆ “ಏನಿಲ್ಲ... ಏನಿಲ್ಲ” ಎಂದು ವರದಿ ಒಪ್ಪಿಸುತ್ತಿದ್ದರು.

ಆದರೂ ಡಬ್ಬಿ ಖಾಲಿಯಾದೊಡನೆ ಎಲ್ಲರೂ ಇಳಿದೆವು. ಚಾಳು ಮುಟ್ಟುವವರೆಗೂ ವಾರಿಜಕ್ಕ ದೇವರ ಹೆಸರು ಹೇಳುತ್ತ ನಡೆದರು. ಅದೇ ಮೆಟ್ಟಿಲು, ಅದೇ ಕತ್ತಲೆ ತಿರುವು, ಮೂರನೆಯ ಮಹಡಿಯ ಅದೇ ಗ್ಯಾಲರಿ. ನಮ್ಮ ಹಳೆಯ ಕೋಣೆಗೆ ಬೀಗ ಬಿದ್ದಿತ್ತು, ಕೊಂಡವರು ಅದನ್ನು ಗೋದಾಮು ಮಾಡಿಕೊಂಡಿದ್ದರು. ಅತ್ತೆ ಆ ಬೀಗವನ್ನು ಒಮ್ಮೆ ಮುಟ್ಟಿದರು, ಮುಂದೆ ನಡೆದರು. ಪಕ್ಕದ ಬಾಗಿಲಿನ ಎದುರಿಗೆ ಬಂದು ನಾವೆಲ್ಲ ನಿಂತುಬಿಟ್ಟೆವು. ಬಾಗಿಲು ಹಾರುಹೊಡೆದಿತ್ತು. ಬೀಗ ಮೊಳೆಗೆ ನೇತಾಡುತ್ತಿತ್ತು.

ಅತ್ತೆ ಯಾರಿಗೂ ಕಾಯದೆ ಒಳಗೆ ನುಗ್ಗಿ ಸೀದಾ ಅಡುಗೆಮನೆಗೆ ಹೋದರು.

“ಗ್ಯಾಸ್ ಬಂದ್ ಐತಿ!” ಎಂದು ಒಳಗಿನಿಂದ ಕೂಗಿದರು.

ವಾರಿಜಕ್ಕ ಎದೆಯ ಮೇಲೆ ಕೈ ಇಟ್ಟುಕೊಂಡು ಹೊಸ್ತಿಲ ಮೇಲೇ ಕುಸಿದು ಕೂತರು. ಉಸಿರು ತಿರುಗಿದ ಮೇಲೆ, ನನ್ನ ಕಡೆ ಕಣ್ಣು ಮಿಟುಕಿಸಿ, ಒಳಗೆ ಕೇಳುವಂತೆ ಗಟ್ಟಿಯಾಗಿ ಹೇಳಿದರು.

“ಆರು ವರ್ಷದ ಮೇಲೆ ಬಂದದ್ದು. ನಾನು ಬನ್ನಿ ಅಂತ ಕರೀಲೇ ಇಲ್ಲ, ಆಗಲೇ ಒಳಗೆ ಹೋಗಿ ಆಯ್ತು ನೋಡಿ!”

ಅಡುಗೆಮನೆಯಲ್ಲಿ ಚಹಾದ ಪಾತ್ರೆ ಸದ್ದಾಯಿತು.

“ಹಂಗಾರ ಬಾಗಲಾ ತಗದಿಟ್ಟ ಹೋದವರ ಯಾರ?” ಎಂದರು ಅತ್ತೆ.